ಕೋಟೆಯೊಳಗಿನ ಹಸಿವು

ಈ ಬೆಳ್ಮಣ್ಣಿನಿಂದ ದಕ್ಷಿಣಕ್ಕೆ ನಡೆದರೆ ಮಂಗಳೂರು. 1783ರ ಮೇ ತಿಂಗಳಲ್ಲಿ ಟಿಪ್ಪು ಸುಲ್ತಾನನ ಸೈನ್ಯ ಅಲ್ಲಿಯ ಕೋಟೆಯನ್ನು ಮುತ್ತಿತು. ಒಳಗೆ ಕ್ಯಾಂಬೆಲ್ ಎಂಬ ಆಂಗ್ಲ ಅಧಿಕಾರಿಯ ಪಡೆ. ಅದರಲ್ಲಿ ಬಹುಮಂದಿ ಸಂಬಳಕ್ಕೆ ಸೇರಿದ ನಮ್ಮ ದೇಶದ ಸಿಪಾಯಿಗಳೇ. ಹೊರಗೂ ನಮ್ಮವರು, ಒಳಗೂ ನಮ್ಮವರು!

ಯೂರೋಪಿನಲ್ಲಿ ಸಂಧಿಯಾಯಿತೆಂಬ ಸುದ್ದಿ ಬಂದು ಟಿಪ್ಪುವಿನ ಜೊತೆಗಿದ್ದ ಫ್ರೆಂಚರು ಹಿಂದೆ ಸರಿದರು. ಆಗಸ್ಟ್ 2ರಂದು ಕದನ ನಿಂತಿತು. ತೋಪು ಸುಮ್ಮನಾಯಿತು, ಹೊಟ್ಟೆ ಸುಮ್ಮನಾದೀತೇ? ಒಳಗೆ ಹೋದ ದವಸ ಸಾಲಲಿಲ್ಲ. ಒಸಡಿನಲ್ಲಿ ರಕ್ತ ಒಸರುವ ರೋಗ ಹಬ್ಬಿತು. ದಾಸೋಹದ ಪಂಕ್ತಿಯಲ್ಲಿ ಅನ್ನ ಒಂದು ಗಳಿಗೆ ತಡವಾದರೆ ನಾವು ಅಡುಗೆಮನೆಯ ಕಡೆ ಕತ್ತು ಹೊರಳಿಸುತ್ತೇವೆ. ಅವರು ಹಾಗೆ ಕಾದದ್ದು ಆರು ತಿಂಗಳು.

1784ರ ಜನವರಿ 30ರಂದು ಕೋಟೆ ಬಿಟ್ಟುಕೊಟ್ಟರು. ಉಳಿದವರು ತಲಚೇರಿಗೆ ಹೋದರು. ಮಾರ್ಚ್ 11ರಂದು ಅದೇ ಮಂಗಳೂರಿನಲ್ಲಿ ಸಂಧಿಯಾಯಿತು. ಗೆದ್ದ ನೆಲವನ್ನು ಇವರು ಅವರಿಗೆ, ಅವರು ಇವರಿಗೆ ಹಿಂತಿರುಗಿಸಿದರು.