ಅಜ್ಜಿಯ ಮುಖ, ಮೊಮ್ಮಗುವಿನ ಕುಂಚ

(ಸಾಂಗೆಯಲ್ಲಿ ನಡೆದ ಕನ್ನಡ ಮಾಧ್ಯಮದ ಪಾಲಕರ ಸಭೆಯಲ್ಲಿ ಚಿತ್ರಕಲಾ ಶಿಕ್ಷಕರೊಬ್ಬರು ಮಾಡಿದ ಭಾಷಣ)



ಚಿತ್ರಕಲೆಯೆಂದರೆ ಓದಿಗೆ ಅಡ್ಡಿ ಎನ್ನುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರ ಮನಸ್ಸು ಬದಲಾಗಲೆಂದು ಇಂದು ಒಂದೇ ಕೆಲಸ ಹೇಳಿಕೊಡುತ್ತೇನೆ. ಊರಲ್ಲಿರುವ ಅಜ್ಜಿಯ ಫೋಟೋ ನೋಡಿ ಮಗು ಜಲವರ್ಣದಲ್ಲಿ ಅವರ ಮುಖ ಬರೆಯುವುದು ಹೇಗೆ?

ನಾವು ಕುಳಿತಿರುವ ಸ್ಥಳ ಇದಕ್ಕೆ ತಕ್ಕದ್ದೇ. ಭಾವಚಿತ್ರಕ್ಕೆ ಹೆಸರಾದ ಕಲಾವಿದ ಆಂತೋನಿಯೊ ಶಾವಿಯೆರ್ ತ್ರಿಂದಾದ್ 1870ರಲ್ಲಿ ಹುಟ್ಟಿದ್ದು ಇದೇ ಸಾಂಗೆಯಲ್ಲಿ. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಕಲಿಸಿದರು. ಅವರು ಬರೆದ ಒಳ್ಳೆಯ ಚಿತ್ರಗಳಲ್ಲಿ ಹೆಂಡತಿ, ಮಗಳ ಮುಖಗಳೂ ಇವೆ. ಮಗಳು ಆಂಜೆಲಾ ತಾವೂ ಕಲಾವಿದೆಯಾದರು. ಮನೆಯವರ ಮುಖವೇ ಮೊದಲ ಪಾಠ ಎಂಬುದನ್ನು ಇದರಿಂದ ತಿಳಿಯಬಹುದು.

ಮೊದಲು ಫೋಟೋ. ಬಾಗಿಲ ಬಳಿ ಕೂರಿಸಿ, ಒಂದು ಬದಿಯಿಂದ ಬೆಳಕು ಬೀಳುವಂತೆ ತೆಗೆದದ್ದಿರಲಿ. ಫ್ಲ್ಯಾಶ್ ಹಾಕಿದರೆ ನೆರಳು ಅಳಿದು ಮುಖ ಚಪ್ಪಟೆಯಾಗುತ್ತದೆ. ಇರುವುದು ಒಂದೇ ಹಳೆಯ ಫೋಟೋ ಆದರೆ ಪ್ರತಿ ಮಾಡಿಸಿ, ಮೂಲವನ್ನು ಜೋಪಾನವಾಗಿಡಿ. ಇಲ್ಲಿನ ಮಳೆಗಾಲದ ತೇವಕ್ಕೆ ಫೋಟೋಗಳು ಬೂಷ್ಟು ಹಿಡಿಯುವುದು ನಿಮಗೇ ಗೊತ್ತು.

ಎರಡನೆಯದು ರೇಖೆ. ಪ್ರತಿಯ ಮೇಲೆ ಅರ್ಧ ಇಂಚಿನ ಚೌಕಗಳನ್ನೂ, ದಪ್ಪ ಕಾಗದದ ಮೇಲೆ ಒಂದು ಇಂಚಿನ ಚೌಕಗಳನ್ನೂ ತೆಳ್ಳಗೆ ಎಳೆಯಿರಿ. ಒಂದೊಂದು ಚೌಕದಲ್ಲಿರುವುದನ್ನು ನೋಡಿ ಬರೆದರೆ ಮುಖ ತಾನೇ ಇಮ್ಮಡಿಯಾಗುತ್ತದೆ. ಇದು ಗಣಿತದ ಅನುಪಾತವೇ. ಮಕ್ಕಳು ಕಣ್ಣನ್ನು ಹಣೆಯ ಮೇಲಕ್ಕೆ ಏರಿಸುತ್ತಾರೆ. ನಿಜವಾಗಿ ಕಣ್ಣು ತಲೆಯ ಎತ್ತರದ ನಡುಮಧ್ಯದಲ್ಲಿದೆ. ರಬ್ಬರಿನಿಂದ ಹೆಚ್ಚು ಉಜ್ಜಬೇಡಿ, ಕಾಗದದ ಮೈ ಕೆಡುತ್ತದೆ.

ಮೂರನೆಯದು ಬಣ್ಣ. ಜಲವರ್ಣದಲ್ಲಿ ತಿಳಿಯಿಂದ ಗಾಢಕ್ಕೆ ಹೋಗಬೇಕು. ಬಿಳಿ ಬಣ್ಣ ಬೇಡ, ಕಾಗದವೇ ಬಿಳಿ. ಕಣ್ಣಿನ ಹೊಳಪು, ಮೂಗುತಿಯ ಮಿಂಚು, ಮೂಗಿನ ತುದಿಯ ಬೆಳಕು, ಇಷ್ಟನ್ನು ಖಾಲಿ ಬಿಡಿ. ಯೆಲ್ಲೋ ಓಕರ್ ಮತ್ತು ಬರ್ನ್ಟ್ ಸಿಯೆನ್ನಾ ಬೆರೆಸಿ, ನೀರು ಹೆಚ್ಚಿಟ್ಟು, ಮುಖಕ್ಕೆಲ್ಲ ಒಂದು ತೆಳು ಲೇಪ ಕೊಡಿ. ಪೂರ್ತಿ ಒಣಗಲಿ. ಬೆರಳ ಹಿಂಬದಿಗೆ ತಣ್ಣಗೆ ಹತ್ತಿದರೆ ಇನ್ನೂ ಹಸಿ ಎಂದರ್ಥ.

ಅನಂತರ ನೆರಳು. ಅದೇ ಮಿಶ್ರಣಕ್ಕೆ ತುಸು ಅಲ್ಟ್ರಾಮೆರಿನ್ ನೀಲಿ ಸೇರಿಸಿ ಕಣ್ಣಿನ ಗುಳಿ, ಮೂಗಿನ ಬದಿ, ಗದ್ದದ ಕೆಳಗೆ ಹಚ್ಚಿ. ಶುದ್ಧ ನೀರಿನ ಕುಂಚದಿಂದ ಅಂಚನ್ನು ಮೆತ್ತಗೆ ಮಾಡಿ. ಕಪ್ಪು ಬಣ್ಣ ಬಳಸಿದರೆ ಮುಖ ಮಸಿಯಾಗುತ್ತದೆ. ಕೂದಲನ್ನು ಎಳೆಎಳೆಯಾಗಿ ಬರೆಯದೆ ಒಟ್ಟು ಆಕಾರವಾಗಿ ತುಂಬಿ. ಕಣ್ಣಿನ ಪಾಪೆ, ತುಟಿಗಳ ನಡುವಿನ ಗೆರೆ, ಸುಕ್ಕು ಕೊನೆಗೆ. ಎಲ್ಲ ಸುಕ್ಕನ್ನೂ ಬರೆಯಬೇಡಿ, ನಾಲ್ಕು ಸಾಕು.

ಒಬ್ಬ ವಿದ್ಯಾರ್ಥಿನಿ ತನ್ನ ಅಜ್ಜಿಗೆ ತಿಳಿಗುಲಾಬಿ ಬಣ್ಣ ಬಳಿದಿದ್ದಳು. 'ಇದೇ ಮೈಬಣ್ಣ ಸರ್' ಎಂದಳು. ಅಜ್ಜಿ ಬಿಸಿಲಲ್ಲಿ ಜೋಳದ ಹೊಲ ಕಳೆ ತೆಗೆದ ಕಪ್ಪು ಹೆಂಗಸು. ತಾಯಿಯನ್ನು ಕರೆಸಿ ಕೇಳಿದೆ. ಎಣ್ಣೆಗೆಂಪು, ಹುರಿದ ಶೇಂಗಾದ ಸಿಪ್ಪೆಯ ಬಣ್ಣ, ಕೈ ಮಾತ್ರ ಇನ್ನೂ ಕಪ್ಪು ಎಂದು ಆಕೆ ಹೇಳುತ್ತ ಹೋದಂತೆ ಹುಡುಗಿ ಬಣ್ಣ ಬೆರೆಸುತ್ತ ಹೋದಳು. ಆ ಮಾತುಗಳು ಯಾವ ಬಣ್ಣದ ಪೆಟ್ಟಿಗೆಯ ಮೇಲೂ ಇರಲಿಲ್ಲ, ತಾಯಿಯ ಬಾಯಲ್ಲಿದ್ದವು.

ಪಾಲಕರೇ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಸಂವಿಧಾನದ 350-ಎ ವಿಧಿ ಹೇಳುತ್ತದೆ. 1956ರ ಏಳನೆಯ ತಿದ್ದುಪಡಿಯಿಂದ ಬಂದದ್ದು ಅದು. ಆ ಹಕ್ಕನ್ನು ನಾವು ಕೇಳುತ್ತಲೇ ಇರೋಣ. ಆದರೆ ಮನೆಯಲ್ಲಿ ಕನ್ನಡ ಆಡುವುದಕ್ಕೆ ಯಾರ ಅಪ್ಪಣೆಯೂ ಬೇಡ. ಈ ಭಾನುವಾರ ಮಗುವಿನ ಪಕ್ಕದಲ್ಲಿ ಒಂದು ತಾಸು ಕುಳಿತು ಅಜ್ಜಿಯ ಬಣ್ಣ ಯಾವುದೆಂದು ಹೇಳಿ. ಚಿತ್ರ ಮುಗಿದ ಮೇಲೆ ಊರಿಗೆ ಒಯ್ಯಿರಿ. ಅದನ್ನು ಬರೆದದ್ದು ಹೇಗೆಂದು ಮಗು ಅಜ್ಜಿಗೆ ಅವರ ಮಾತಿನಲ್ಲೇ ಹೇಳಲಿ.