ಗೆಳೆಯನ ಹೆಸರಿನ ಓಟ

(ಸಂಘದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ವೇದಿಕೆಯಿಂದ ಸಾಹಿತಿಗಳು, ಸಂಶೋಧಕರು, ರಂಗಕರ್ಮಿಗಳು ಮಾತನಾಡುತ್ತ ಬಂದಿದ್ದಾರೆ. ಮೂವತ್ತು ವರ್ಷಗಳನ್ನು ಕಡತಗಳ ನಡುವೆಯೇ ಕಳೆದ ಕೇಂದ್ರ ಸರಕಾರದ ಅಧಿಕಾರಿಯೊಬ್ಬನನ್ನು, ಅದೂ ಓಟದಂಥ ವಿಷಯದ ಮೇಲೆ ಮಾತನಾಡಲು ಆಹ್ವಾನಿಸಿದ್ದು ಸಂಘದ ಔದಾರ್ಯವೆಂದೇ ಭಾವಿಸುತ್ತೇನೆ. ಐವತ್ತರ ವಯಸ್ಸಿನವರೆಗೆ ನಾನು ಓಡಿದ್ದು ಲೋಕಲ್ ರೈಲನ್ನು ಹಿಡಿಯುವುದಕ್ಕಾಗಿ ಮಾತ್ರ. ಆಮೇಲೆ ಮುಂಬಯಿ ಮ್ಯಾರಥಾನಿನ ಅರ್ಧ ದೂರವನ್ನು 2018, 2019 ಮತ್ತು 2020ರಲ್ಲಿ, ಪೂರ್ಣ ದೂರವಾದ 42.195 ಕಿಲೋಮೀಟರನ್ನು 2023ರ ಜನವರಿಯಲ್ಲಿ ಓಡಿ ಮುಗಿಸಿದೆ. ನಾಲ್ಕೂ ಸಲ ನನ್ನ ಅಂಗಿಯ ಮೇಲೆ ತೀರಿಹೋದ ಗೆಳೆಯನೊಬ್ಬನ ಹೆಸರಿತ್ತು. ನಾಲ್ಕೂ ಸಲ ಅವನ ನೆನಪಿನಲ್ಲಿ ಕೂಡಿಸಿದ ಹಣವನ್ನು ಪರವೂರಿನ ರೋಗಿಗಳಿಗೆ ವಸತಿ ಕಲ್ಪಿಸುವ ಒಂದು ಧರ್ಮದತ್ತಿಗೆ ಕೊಟ್ಟೆ.

ಇದನ್ನು ಕಂಡ ಸಹೋದ್ಯೋಗಿಯೊಬ್ಬರು ಒಮ್ಮೆ ಕೇಳಿದರು: "ದಾನ ಮಾಡಬೇಕೆನಿಸಿದರೆ ಚೆಕ್ಕು ಬರೆದು ಕೊಟ್ಟರಾಯಿತು. ಸತ್ತವನಿಗಾಗಿ ಬದುಕಿದವನು ಮೊಣಕಾಲು ಸವೆಸುವುದು ಯಾವ ನ್ಯಾಯ?" ಪ್ರಶ್ನೆ ತಮಾಷೆಯದಾದರೂ ಸುಳ್ಳಲ್ಲ. ಅದಕ್ಕೆ ಅಂದು ಕೊಡಲಾಗದ ಉತ್ತರವನ್ನು ಇಂದು ನಿಮ್ಮ ಮುಂದೆ ಕೊಡಲು ಪ್ರಯತ್ನಿಸುತ್ತೇನೆ.

ನಾನೂ ನನ್ನ ಗೆಳೆಯನೂ ಧಾರವಾಡದಲ್ಲಿ ಎಂ.ಎ. ತರಗತಿಯ ಸಹಪಾಠಿಗಳು. ಅವನು ಬ್ಯಾಂಕಿಗೆ ಸೇರಿದ, ನಾನು ಸರಕಾರಿ ಸೇವೆಗೆ. ಇಬ್ಬರಿಗೂ ಮುಂಬಯಿಯೇ ಅನ್ನದ ಊರಾಯಿತು. ಶನಿವಾರ ಬ್ಯಾಂಕಿನ ಅರ್ಧ ದಿನದ ಕೆಲಸ ಮುಗಿಸಿ ಅವನು ನೇರವಾಗಿ ಪರೇಲಿಗೆ ಹೋಗುತ್ತಿದ್ದ. 1941ರಲ್ಲಿ ಆರಂಭವಾದ ಅಲ್ಲಿಯ ಟಾಟಾ ಸ್ಮಾರಕ ಆಸ್ಪತ್ರೆಗೆ ದೇಶದ ಮೂಲೆಮೂಲೆಗಳಿಂದ ಕ್ಯಾನ್ಸರ್ ರೋಗಿಗಳು ಬರುತ್ತಾರೆಂಬುದು ನಿಮಗೆ ತಿಳಿದದ್ದೇ. ವಿಜಾಪುರ, ಬಾಗಲಕೋಟೆ, ಬೆಳಗಾವಿ, ಕಲಬುರ್ಗಿಗಳ ಕಡೆಯಿಂದಲೂ ರಾತ್ರಿಯ ಬಸ್ಸು ರೈಲುಗಳಲ್ಲಿ ಬಂದಿಳಿಯುವವರಿದ್ದಾರೆ. ಕೆಲವರಿಗೆ ಧರ್ಮಶಾಲೆಯಲ್ಲಿ ಸ್ಥಳ ಸಿಗುತ್ತದೆ. ಸಿಗದವರಿಗೆ ಕಾಲುದಾರಿಯೇ ಮನೆ. ಅವರ ಬಳಿ ಕುಳಿತು ಸೋಮವಾರಕ್ಕೆ ಬೇಕಾದ ಕಾಗದಪತ್ರಗಳನ್ನು ಸರಿಪಡಿಸುವುದು, ವೈದ್ಯರ ಚೀಟಿಯನ್ನು ಕನ್ನಡದಲ್ಲಿ ತಿಳಿಸಿ ಹೇಳುವುದು, ಅಕ್ಷರ ಬಾರದವರಿಗೆ ಗುಳಿಗೆಯ ಪೊಟ್ಟಣದ ಮೇಲೆ ಸೂರ್ಯನನ್ನೋ ಚಂದ್ರನನ್ನೋ ಬರೆದು ಬೆಳಗಿನದು ಯಾವುದು, ರಾತ್ರಿಯದು ಯಾವುದು ಎಂದು ತೋರಿಸುವುದು: ಇದು ಅವನ ಶನಿವಾರ.

"ಬಾರೋ, ನಿನ್ನ ಮರಾಠಿ ನನಗಿಂತ ಚಲೋ ಅದ. ಎರಡು ತಾಸು ಸಾಕು," ಎಂದು ಅವನು ಎಷ್ಟೋ ಸಲ ಕರೆದ. "ಮುಂದಿನ ಶನಿವಾರ ನೋಡೋಣಪಾ," ಎಂದು ನಾನೂ ಅಷ್ಟೇ ಸಲ ಹೇಳಿದೆ. 2016ರ ಜೂನ್ ತಿಂಗಳ ಒಂದು ಬೆಳಿಗ್ಗೆ ಹೃದಯಾಘಾತದಿಂದ ಅವನು ತೀರಿಕೊಂಡ. ಹದಿಮೂರನೆಯ ದಿನ ಅವನ ಮನೆಯಲ್ಲಿ ಕುಳಿತಿದ್ದಾಗ ಧೋತರ ಉಟ್ಟ ವೃದ್ಧರೊಬ್ಬರು ವಿಳಾಸದ ಚೀಟಿ ಹಿಡಿದುಕೊಂಡು ಬಂದರು. ಸೊಸೆಯನ್ನು ಚಿಕಿತ್ಸೆಗೆ ಕರೆತಂದಿದ್ದ ರೈತರು. ಸುದ್ದಿ ಕೇಳಿ ಬಹಳ ಹೊತ್ತು ಮೌನವಾಗಿದ್ದು, "ಅವರಿಲ್ದ ನಮಗ ಈ ಊರಾಗ ಬಾಯೇ ಇಲ್ದಂಗ ಆತ್ರಿ," ಎಂದರು. ವೈನಿಯವರು ಒಳಗೆ ಹೋದರು. ನಾನು ತಲೆ ತಗ್ಗಿಸಿದೆ. ನಾನು ಓಡಲು ತೊಡಗಿದ್ದು ಆ ತಲೆ ತಗ್ಗಿಸಿದ ಗಳಿಗೆಯಿಂದ.

ಅಗಲಿದವರ ಹೆಸರಿನಲ್ಲಿ ದೇಹವನ್ನು ದಂಡಿಸುವುದು, ಪರರಿಗೆ ಉಪಕಾರವಾಗುವಂಥದನ್ನು ಮಾಡುವುದು ನಮಗೆ ಹೊಸದಲ್ಲ. ನಮ್ಮವರು ಸತ್ತ ವೀರನಿಗೆ ಕಲ್ಲು ನಿಲ್ಲಿಸಿದರು. ತೀರಿಹೋದ ಹಿರಿಯರ ಹೆಸರಿನಲ್ಲಿ ಬೇಸಿಗೆಯ ದಾರಿಯಲ್ಲಿ ಅರವಟ್ಟಿಗೆ ಇಟ್ಟರು. ಯುಗಾದಿಯ ಹೊತ್ತಿಗೆ ಉತ್ತರ ಕರ್ನಾಟಕದ ಹಳ್ಳಿಗಳಿಂದ ಸಾವಿರಾರು ಜನ ಶ್ರೀಶೈಲಕ್ಕೆ ನಡೆದೇ ಹೋಗುತ್ತಾರೆ. ಅವರಿಗೆ ದಾರಿಯುದ್ದಕ್ಕೂ ನೀರು, ಅಂಬಲಿ, ಊಟ ಕೊಡುವವರು ತಾವೂ ಯಾತ್ರೆಯ ಪುಣ್ಯದಲ್ಲಿ ಪಾಲುದಾರರೆಂದು ನಂಬುತ್ತಾರೆ. ಆಧುನಿಕ ಓಟದ ಪಂದ್ಯಗಳಲ್ಲಿಯೂ ಇಂಥದೊಂದು ಧಾರೆ ಇದೆಯೆಂಬುದು ನನಗೆ ಓದುತ್ತ ಹೋದಂತೆ ತಿಳಿಯಿತು. ಮೂರು ನಿದರ್ಶನಗಳನ್ನು ಮಾತ್ರ ಹೇಳುತ್ತೇನೆ.

ಮೊದಲನೆಯದು ದಕ್ಷಿಣ ಆಫ್ರಿಕದ 'ಕಾಮ್ರೇಡ್ಸ್' ಓಟ. ವಿಕ್ ಕ್ಲ್ಯಾಪಮ್ ರೈಲ್ವೆ ಎಂಜಿನ್ ಚಾಲಕ. ಮೊದಲ ಮಹಾಯುದ್ಧದಲ್ಲಿ ಪೂರ್ವ ಆಫ್ರಿಕದ ರಣಾಂಗಣದಲ್ಲಿ ನಡೆದು ನಡೆದು ಬಳಲಿದ ಸಿಪಾಯಿ. ಮಡಿದ ಸಂಗಾತಿಗಳಿಗೆ ಕಲ್ಲಿನ ಸ್ಮಾರಕ ಸಾಲದು, ಅವರು ಪಟ್ಟ ಪಾಡನ್ನು ಬದುಕಿದವರ ದೇಹ ನೆನಪಿಟ್ಟುಕೊಳ್ಳಬೇಕು ಎಂಬುದು ಅವನ ಹಂಬಲ. ಆ ಹಂಬಲದಿಂದ 1921ರ ಮೇ 24ರಂದು ಪೀಟರ್‌ಮಾರಿಟ್ಸ್‌ಬರ್ಗಿನಿಂದ ಡರ್ಬನ್ನಿಗೆ, ಸುಮಾರು 90 ಕಿಲೋಮೀಟರ್ ದೂರದ ಓಟ ನಡೆಯಿತು. ಹೊರಟವರು 34 ಜನ, ಮುಟ್ಟಿದವರು 16. ಆದರೆ ಇದೇ ಕತೆಗೆ ಇನ್ನೊಂದು ಮುಖವಿದೆ. ಪೀಟರ್‌ಮಾರಿಟ್ಸ್‌ಬರ್ಗ್ ಎಂದರೆ 1893ರ ಜೂನ್ 7ರ ರಾತ್ರಿ ಗಾಂಧೀಜಿಯವರನ್ನು ರೈಲಿನಿಂದ ಹೊರದಬ್ಬಿದ ಊರು. 1935ರಲ್ಲಿ ರಾಬರ್ಟ್ ಮ್ಟ್‌ಶಾಲಿ ಎಂಬ ಕಪ್ಪು ಓಟಗಾರ ಈ ದೂರವನ್ನು ಒಂಬತ್ತೂವರೆ ಗಂಟೆಯಲ್ಲಿ ಕ್ರಮಿಸಿದರೂ ಅಧಿಕೃತ ಫಲಿತಾಂಶದಲ್ಲಿ ಅವನಿಗೆ ಸ್ಥಳ ದೊರೆಯಲಿಲ್ಲ. ಕಪ್ಪು ಜನರಿಗೂ ಮಹಿಳೆಯರಿಗೂ ಆ ಓಟದ ಬಾಗಿಲು ಅಧಿಕೃತವಾಗಿ ತೆರೆದದ್ದು 1975ರಲ್ಲಿ. ಸಂಗಾತಿಗಳ ಸ್ಮರಣೆ ಎಂದು ಹೊರಟವರಿಗೆ ಸಂಗಾತಿ ಯಾರೆಂಬುದನ್ನು ಅರಿಯಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಎರಡನೆಯದು ಕೆನಡಾದ ಟೆರಿ ಫಾಕ್ಸ್‌ನದು. ಮೂಳೆಯ ಕ್ಯಾನ್ಸರಿನಿಂದ 1977ರಲ್ಲಿ ಬಲಗಾಲು ಕಳೆದುಕೊಂಡ ಈ ತರುಣ 1980ರ ಏಪ್ರಿಲ್ 12ರಂದು ದೇಶದ ಪೂರ್ವ ತೀರದಿಂದ ಕೃತಕ ಕಾಲಿನಲ್ಲಿ ಓಡತೊಡಗಿದ. ದಿನಕ್ಕೆ ಸುಮಾರು ಒಂದು ಮ್ಯಾರಥಾನಿನ ದೂರ. 143 ದಿನಗಳಲ್ಲಿ 5,373 ಕಿಲೋಮೀಟರ್ ಓಡಿದ ಮೇಲೆ ರೋಗ ಶ್ವಾಸಕೋಶಕ್ಕೆ ಹಬ್ಬಿದ್ದು ತಿಳಿದು ಓಟ ನಿಂತಿತು. 1981ರ ಜೂನ್ 28ರಂದು, ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅವನು ತೀರಿಕೊಂಡ. ದೇಶದ ಪ್ರತಿಯೊಬ್ಬ ಪ್ರಜೆಯಿಂದ ಒಂದು ಡಾಲರ್ ಬರಬೇಕೆಂಬುದು ಅವನ ಆಸೆಯಾಗಿತ್ತು. ಸಾಯುವ ಮುನ್ನವೇ ಆ ಮೊತ್ತ ಕೂಡಿತ್ತು. ಅವನನ್ನು ಓಡಿಸಿದ್ದು ತನ್ನ ನೋವಲ್ಲ. ಆಸ್ಪತ್ರೆಯ ವಾರ್ಡಿನಲ್ಲಿ ತಾನು ಬಿಟ್ಟು ಬಂದ ಸಹರೋಗಿಗಳ ಮುಖಗಳು. ಇಂದು ಅವನ ಹೆಸರಿನಲ್ಲಿ ನಡೆಯುವ ಓಟದಲ್ಲಿ ಗೆದ್ದವರೆಂಬುವರಿಲ್ಲ, ಬಹುಮಾನವೂ ಇಲ್ಲ.

ಮೂರನೆಯದು ನನಗೆ ಅತ್ಯಂತ ಪ್ರಿಯವಾದದ್ದು. ನ್ಯೂಯಾರ್ಕ್ ಮ್ಯಾರಥಾನಿನ ಸ್ಥಾಪಕರಲ್ಲೊಬ್ಬನಾದ ಫ್ರೆಡ್ ಲೆಬೋನಿಗೆ 1990ರಲ್ಲಿ ಮಿದುಳಿನ ಕ್ಯಾನ್ಸರ್ ಕಾಣಿಸಿತು. 1992ರ ನವೆಂಬರ್ 1ರಂದು, ನಗರದ ಐದೂ ವಿಭಾಗಗಳನ್ನು ಹಾಯ್ದುಹೋಗುವ ತನ್ನದೇ ಓಟವನ್ನು ಅವನು ಮೊದಲ ಸಲ ತಾನೇ ಓಡಿದ. ಜೊತೆಗಿದ್ದವಳು ಅವನ ಗೆಳತಿ, ಆ ಪಂದ್ಯವನ್ನು ಒಂಬತ್ತು ಸಲ ಗೆದ್ದಿದ್ದ ನಾರ್ವೆಯ ಗ್ರೆಟೆ ವೈಟ್ಸ್. ಎರಡೂವರೆ ಗಂಟೆಯ ಆಸುಪಾಸಿನಲ್ಲಿ ಗುರಿ ಮುಟ್ಟುತ್ತಿದ್ದ ಆಕೆ ಅಂದು ಗೆಳೆಯನ ಹೆಜ್ಜೆಗೆ ಹೆಜ್ಜೆ ಹಾಕಿ ಐದೂವರೆ ಗಂಟೆಗೂ ಮಿಕ್ಕಿ ರಸ್ತೆಯಲ್ಲಿದ್ದಳು. ಲೆಬೋ 1994ರಲ್ಲಿ ತೀರಿಕೊಂಡ. ಗ್ರೆಟೆಯೂ ಮುಂದೆ ಕ್ಯಾನ್ಸರಿಗೆ ತುತ್ತಾಗಿ 2011ರಲ್ಲಿ ನಿಧನಳಾದಳು. ಆಕೆಯ ಒಂಬತ್ತು ಗೆಲುವುಗಳಿಗಿಂತ ಆ ಒಂದು ನಿಧಾನದ ಓಟವೇ ದೊಡ್ಡದೆಂದು ನನ್ನ ಎಣಿಕೆ. ಬಲ್ಲವನು ಬಳಲಿದವನ ಗತಿಗೆ ತನ್ನ ಗತಿಯನ್ನು ತಗ್ಗಿಸುವುದಕ್ಕಿಂತ ಬೇರೆ ಗೆಳೆತನ ಉಂಟೆ?

ಇನ್ನು ನನ್ನ ಓಟದ ಮಾತು. ಹಣ ಕೂಡಿಸಬೇಕೆಂದು ಹೊರಟವನಿಗೆ ಮೊದಲು ಎದುರಾದದ್ದು ನಮ್ಮ ಇಲಾಖೆಗಳ ವೇದವಾದ 1964ರ ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳು. ಪೂರ್ವಾನುಮತಿ ಇಲ್ಲದೆ ಸರಕಾರಿ ನೌಕರನು ಯಾವುದೇ ಉದ್ದೇಶಕ್ಕೂ ವಂತಿಗೆ ಕೇಳಕೂಡದೆಂದು ಅದರ 12ನೆಯ ನಿಯಮ ವಿಧಿಸುತ್ತದೆ. ಅರ್ಜಿ ಹಾಕಿದೆ. ಕಡತ ಏಳು ವಾರ ತನ್ನ ಮ್ಯಾರಥಾನನ್ನು ಓಡಿ ಅನುಮತಿಯೊಂದಿಗೆ ಮರಳಿತು. ಕೈಕೆಳಗಿನವರನ್ನಾಗಲಿ ಕಚೇರಿಯೊಡನೆ ವ್ಯವಹಾರ ಇದ್ದವರನ್ನಾಗಲಿ ಕೇಳತಕ್ಕದ್ದಲ್ಲವೆಂಬ ಷರತ್ತಿತ್ತು. ಆ ಷರತ್ತು ನ್ಯಾಯವಾದದ್ದೇ. ಅಧಿಕಾರದ ಕುರ್ಚಿಯಿಂದ ಚಾಚಿದ ಕೈಗೆ ಬೀಳುವುದು ದಾನವಲ್ಲ, ಕಪ್ಪ. ಆದ್ದರಿಂದ ಬಂಧುಗಳನ್ನೂ ಹಳೆಯ ಸಹಪಾಠಿಗಳನ್ನೂ ಈ ಸಂಘದ ನಿಮ್ಮಂಥ ಮಿತ್ರರನ್ನೂ ಮಾತ್ರ ಕೇಳಿದೆ. ನಾಲ್ಕು ಓಟಗಳಿಂದ ಕೂಡಿದ್ದು ಮೂರು ಲಕ್ಷ ರೂಪಾಯಿಗೆ ತುಸು ಕಡಿಮೆ. ರಸೀದಿಗಳೆಲ್ಲ ನನ್ನಲ್ಲಿವೆ, ಲೆಕ್ಕ ಕೇಳುವವರಿಗೆ ಸ್ವಾಗತ.

ಪೂರ್ಣ ಮ್ಯಾರಥಾನಿಗೆ ಆರು ತಿಂಗಳ ಅಭ್ಯಾಸ ಬೇಕಾಯಿತು. ವಾರದ ದಿನಗಳಲ್ಲಿ ಬೆಳಿಗ್ಗೆ ಒಂದು ತಾಸು. ಭಾನುವಾರ ಮೂರು ತಾಸು, ಕೆಲವೊಮ್ಮೆ ನಾಲ್ಕು. ಈ ಅಭ್ಯಾಸಕ್ಕೆ ಒಂದು ಕಠೋರ ಗುಣವಿದೆ: ಅದು ಮುಂದೂಡುವಿಕೆಯನ್ನು ಸಹಿಸುವುದಿಲ್ಲ. 'ಮುಂದಿನ ಭಾನುವಾರ ನೋಡೋಣ' ಎನ್ನುವವನಿಗೆ ಮ್ಯಾರಥಾನ್ ಇಲ್ಲ. ತಪ್ಪಿಸಿಕೊಂಡ ಭಾನುವಾರದ ಲೆಕ್ಕವನ್ನು ಮೂವತ್ತನೆಯ ಕಿಲೋಮೀಟರಿನ ಆಚೆ ಕಾಲುಗಳೇ ಒಪ್ಪಿಸುತ್ತವೆ.

ಓಟದ ದಿನ ನನಗೆ ಆದದ್ದೂ ಅದೇ. ಮರಳುವ ದಾರಿಯಲ್ಲಿ, ದೇಹದಲ್ಲಿ ಕಸುವು ಉಡುಗಿದ ಹೊತ್ತಿಗೆ ಸರಿಯಾಗಿ, ಪೆಡ್ಡರ್ ರಸ್ತೆಯ ಏರು ಬರುತ್ತದೆ. ಅಲ್ಲಿ ನನ್ನ ಮೀನಖಂಡಗಳು ಹಿಡಿದುಕೊಂಡವು. ನಿಂತೆ. ದಾರಿಯ ಅಂಚಿನಲ್ಲಿ ಪರಿಚಯವಿಲ್ಲದ ಹೆಂಗಸೊಬ್ಬಳು ಮನೆಯಿಂದ ತಂದ ತಟ್ಟೆಯಲ್ಲಿ ಕಿತ್ತಳೆಯ ತೊಳೆಗಳನ್ನೂ ಉಪ್ಪನ್ನೂ ಹಿಡಿದು ನಿಂತಿದ್ದಳು. ಮುಂಬಯಿಯ ಜನ ಪ್ರತಿವರ್ಷ ಹೀಗೆ ನಿಲ್ಲುತ್ತಾರೆ. ಅದು ಈ ಮಹಾನಗರದ ಅರವಟ್ಟಿಗೆ. ನಾನು ಯಾರು, ಯಾವ ಭಾಷೆಯವನು ಎಂದು ಅವಳು ಕೇಳಲಿಲ್ಲ. ಹಣ್ಣು ತಿಂದು ಕಾಲು ಎಳೆಯುತ್ತ ಏರು ಹತ್ತುವಾಗ ಒಂದು ವಿಚಾರ ಮನಸ್ಸನ್ನು ಇರಿಯಿತು. ಆರು ತಿಂಗಳ ಕಾಲ ಪ್ರತಿ ಭಾನುವಾರ ಮೂರು ನಾಲ್ಕು ತಾಸುಗಳನ್ನು ಓಟಕ್ಕಾಗಿ ಹುಡುಕಿ ತೆಗೆದ ನನಗೆ, ಗೆಳೆಯ ಬದುಕಿದ್ದಾಗ ಶನಿವಾರದ ಎರಡು ತಾಸು ಸಿಗಲಿಲ್ಲವೆಂಬ ಮಾತು ಇನ್ನು ನಂಬತಕ್ಕದ್ದಲ್ಲ. ಸಮಯ ಇತ್ತು. ನಾನು ಹೋಗಲಿಲ್ಲ, ಅಷ್ಟೆ. ಆ ಕಾಲುದಾರಿಯ ಮೇಲೆ ನೋವಿನ ಎದುರು ಕುಳಿತುಕೊಳ್ಳಲು ನನಗೆ ಭಯವಿತ್ತು. ಅದಕ್ಕಿಂತ ನಲವತ್ತೆರಡು ಕಿಲೋಮೀಟರ್ ಓಡುವುದು ಸುಲಭವಾಗಿತ್ತು; ಅದರಲ್ಲಿ ಪದಕವೂ ಇತ್ತು, ಚಪ್ಪಾಳೆಯೂ ಇತ್ತು.

ಆರು ಗಂಟೆ ಹತ್ತು ನಿಮಿಷಕ್ಕೆ ಗುರಿ ಮುಟ್ಟಿದೆ. ಫೆಬ್ರವರಿಯ ಮೊದಲ ಶನಿವಾರ ಪರೇಲಿಗೆ ಹೋದೆ.

ಮೊದಲ ದಿನ ಏನು ಮಾಡಬೇಕೆಂದು ತೋಚದೆ ಅರ್ಧ ತಾಸು ಸುಮ್ಮನೆ ನಿಂತಿದ್ದೆ. ಕನ್ನಡದ ಮಾತು ಕಿವಿಗೆ ಬಿದ್ದ ಕಡೆಗೆ ನಡೆದೆ. ಇಂಡಿ ತಾಲ್ಲೂಕಿನ ತಾಯಿಯೊಬ್ಬಳು ಮಗನ ಗುಳಿಗೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಕುಳಿತಿದ್ದಳು. ಪೊಟ್ಟಣಗಳ ಮೇಲೆ ಸೂರ್ಯನನ್ನು ಬರೆದೆ, ಚಂದ್ರನನ್ನು ಬರೆದೆ. ನನ್ನ ಚಂದ್ರನನ್ನು ಕಂಡು ಆಕೆ, "ಇದೇನ್ರೀ ಅಣ್ಣಾರ, ಕುಡಗೋಲ ಬರದೀರಿ?" ಎಂದು ನಕ್ಕಳು. ಗೆಳೆಯ ಹೋದ ಏಳು ವರ್ಷಗಳಲ್ಲಿ ಅವನ ಹತ್ತಿರಕ್ಕೆ ನಾನು ಅಂದಿನಷ್ಟು ಬಂದದ್ದಿಲ್ಲ.

ಸಹೋದ್ಯೋಗಿ ಮಿತ್ರರಿಗೆ ನನ್ನ ಉತ್ತರ ಇಷ್ಟು. ನನ್ನ ಓಟದಿಂದ ಸತ್ತವನಿಗೆ ಲಾಭವಿಲ್ಲ. ಹಣಕ್ಕೆ ಚೆಕ್ಕೂ ಸಾಕು. ಆದರೆ ಮುಂದೂಡುವ ಚಟಕ್ಕೆ ಓಟದಂಥ ಮದ್ದು ಇನ್ನೊಂದಿಲ್ಲ. ಅದು ನನ್ನ ಕೈಹಿಡಿದು ಗೆಳೆಯನು ಕರೆದ ಜಾಗಕ್ಕೆ ಕೊಂಡೊಯ್ದಿತು, ತಡವಾಗಿಯಾದರೂ.

ಬಂಧುಗಳೆ, ಹೊರನಾಡಿನ ಕನ್ನಡ ಸಂಘವೆಂದರೆ ಏನೆಂದು ನಾವು ಆಗಾಗ ಚರ್ಚಿಸುತ್ತೇವೆ. ರಾಜ್ಯೋತ್ಸವ ಬೇಕು, ನಾಟಕ ಬೇಕು, ಗ್ರಂಥಾಲಯ ಬೇಕು. ಆದರೆ ನಮ್ಮ ನಾಡಿನ ಒಬ್ಬ ರೈತ ಈ ಊರಿನಲ್ಲಿ ತನಗೆ ಬಾಯಿಲ್ಲವೆಂದು ಹೇಳುವ ಸ್ಥಿತಿ ಇರುವಷ್ಟು ದಿನ ನಮ್ಮ ಭಾಷಾಭಿಮಾನಕ್ಕೆ ಒಂದು ಸಾಲ ಉಳಿದೇ ಇದೆ. ಕನ್ನಡ, ಮರಾಠಿ, ಹಿಂದಿ ಮೂರನ್ನೂ ಬಲ್ಲವರು ಈ ಸಭಾಗೃಹದಲ್ಲಿ ತುಂಬಿದ್ದಾರೆ. ತಿಂಗಳಿಗೊಂದು ಶನಿವಾರ, ಎರಡು ತಾಸು: ನಾನು ಕೇಳುವುದು ಇಷ್ಟೇ. ಇದಕ್ಕೆ 12ನೆಯ ನಿಯಮದ ಅಡ್ಡಿಯೂ ಇಲ್ಲ, ಏಕೆಂದರೆ ಕೇಳುತ್ತಿರುವುದು ಹಣವಲ್ಲ.

ಕಾರ್ಯದರ್ಶಿಗಳ ಮೇಜಿನ ಮೇಲೆ ಒಂದು ನೋಟುಪುಸ್ತಕ ಇಟ್ಟಿದ್ದೇನೆ. ಬರುವ ಮೂರು ತಿಂಗಳ ಶನಿವಾರಗಳನ್ನು ಅದರಲ್ಲಿ ಬರೆದಿದೆ. ಎದುರಿನ ಸ್ಥಳ ಖಾಲಿ ಇದೆ. ಹೋಗುವ ಮುನ್ನ ಒಮ್ಮೆ ನೋಡಿರಿ. ಮುಂದಿನ ಸಲ ನೋಡೋಣವೆಂದು ಮಾತ್ರ ದಯವಿಟ್ಟು ಹೇಳಬೇಡಿರಿ. ಆ ಮಾತಿನ ಬೆಲೆ ಎಷ್ಟೆಂದು ನಾನು ಬಲ್ಲೆ.