ತಂದೆ ತಾಯಿ ಬೇರೆಯಾದರೆ ಮಗುವಿನ ಪೌರತ್ವ?

‘ನೀವು ಯಾವ ದೇಶದ ಪ್ರಜೆ?’ ಎಂದು ಯಾರಾದರೂ ಕೇಳಿದರೆ ‘ಭಾರತದ ಪ್ರಜೆ’ ಎಂದು ತಟ್ಟನೆ ಹೇಳುತ್ತೀರಿ. ‘ಅದಕ್ಕೆ ಆಧಾರವೇನು?’ ಎಂದು ಮತ್ತೆ ಕೇಳಿದರೆ ನಮ್ಮಲ್ಲಿ ಅನೇಕರು ತಡವರಿಸುತ್ತೇವೆ. ತಂದೆ ತಾಯಿ ವಿಚ್ಛೇದನ ಪಡೆದಿರುವ ಮಕ್ಕಳಿಗಂತೂ ಈ ಪ್ರಶ್ನೆ ಇನ್ನಷ್ಟು ಕಠಿಣ.

ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳಿ. ಅವಳು 2009ರಲ್ಲಿ ಮೈಸೂರಿನಲ್ಲಿ ಹುಟ್ಟಿದವಳು. ತಾಯಿ ಭಾರತೀಯರು, ತಂದೆ ವಿದೇಶೀಯರು. ಅವಳು ಶಾಲೆಗೆ ಸೇರುವ ಮೊದಲೇ ವಿಚ್ಛೇದನವಾಗಿ ತಂದೆ ತಮ್ಮ ದೇಶಕ್ಕೆ ಹಿಂದಿರುಗಿದರು. ಈಗ ಕಾಲೇಜಿನ ತಂಡದೊಡನೆ ಹೊರದೇಶಕ್ಕೆ ಹೋಗಲು ಅವಳಿಗೆ ಪಾಸ್‌ಪೋರ್ಟ್ ಬೇಕಾಗಿದೆ. ‘ನಾನು ಯಾರ ಮೂಲಕ ಭಾರತೀಯಳು?’ ಎಂಬ ಅಳುಕು ಅವಳನ್ನು ಕಾಡುತ್ತಿದೆ.

ಮೊದಲು ಒಂದು ಮಾತನ್ನು ಮನಸ್ಸಿನಲ್ಲಿಡಿ. ವಿಚ್ಛೇದನ ಮುರಿಯುವುದು ಗಂಡ ಹೆಂಡಿರ ಸಂಬಂಧವನ್ನು. ತಂದೆ ಮಗಳ, ತಾಯಿ ಮಗಳ ಸಂಬಂಧವನ್ನಲ್ಲ. ಜನನದಿಂದ ಬರುವ ಪೌರತ್ವಕ್ಕೆ ಕಾನೂನು ನೋಡುವುದು ಮಗು ಹುಟ್ಟಿದ ಹೊತ್ತಿನಲ್ಲಿದ್ದ ಸ್ಥಿತಿಯನ್ನು. ಮುಂದೆ ಬಂದ ನ್ಯಾಯಾಲಯದ ಡಿಕ್ರಿ ಅದನ್ನು ಅಳಿಸಲಾರದು.

ನಮ್ಮ ಪೌರತ್ವ ಕಾಯಿದೆ 1955ರದು. ಗಣರಾಜ್ಯವಾದ ದಿನದಿಂದ 1987ರ ಜುಲೈ 1ರ ಮೊದಲು ಭಾರತದಲ್ಲಿ ಹುಟ್ಟಿದವರು, ಕೆಲವು ಅಪವಾದಗಳನ್ನು ಬಿಟ್ಟರೆ, ಹುಟ್ಟಿನಿಂದಲೇ ಪ್ರಜೆಗಳು. ಆ ದಿನದಿಂದ 2004ರ ಡಿಸೆಂಬರ್ 3ರ ಮೊದಲು ಹುಟ್ಟಿದವರಿಗೆ ತಂದೆ ತಾಯಿಯರಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು. ಆನಂತರ ಹುಟ್ಟಿದವರಿಗೆ ಇಬ್ಬರೂ ಭಾರತೀಯರಾಗಿರಬೇಕು. ಇಲ್ಲವೆ ಒಬ್ಬರು ಭಾರತೀಯರಾಗಿದ್ದು, ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು.

ನಮ್ಮ ವಿದ್ಯಾರ್ಥಿನಿ ಈ ಕೊನೆಯ ಗುಂಪಿಗೆ ಸೇರಿದವಳು. ಅವಳು ತಾಯಿಯ ಮೂಲಕವೇ ಭಾರತೀಯಳು. ಆದರೆ ತಂದೆ ಆಗ ಸಕ್ರಮವಾಗಿ ಇಲ್ಲಿದ್ದರೆಂಬುದಕ್ಕೂ ದಾಖಲೆ ಬೇಕಾಗಬಹುದು. ಎಂದೋ ದೂರವಾದ ತಂದೆಯ ಹಳೆಯ ಪಾಸ್‌ಪೋರ್ಟ್ ಮತ್ತು ವೀಸಾ ಪುಟಗಳ ನಕಲು ಇಲ್ಲಿ ಬೆಲೆಬಾಳುತ್ತದೆ. ಕೋಪದಲ್ಲಿ ಫೋಟೋಗಳನ್ನು ಹರಿದರೂ ಕಾಗದಪತ್ರಗಳನ್ನು ಹರಿಯಬಾರದು!

ಹೊರದೇಶದಲ್ಲಿ ಹುಟ್ಟಿದವರ ಕಥೆ ಬೇರೆ. 1992ರ ಡಿಸೆಂಬರ್ 10ರ ಮೊದಲು ಅಲ್ಲಿ ಹುಟ್ಟಿದ ಮಗುವಿಗೆ ವಂಶದ ಮೂಲಕ ಪೌರತ್ವ ಬರುತ್ತಿದ್ದುದು ತಂದೆಯಿಂದ ಮಾತ್ರ. ಹೆತ್ತ ತಾಯಿ ಭಾರತೀಯಳಾಗಿದ್ದರೂ ಸಾಲುತ್ತಿರಲಿಲ್ಲ. ಆ ದಿನದಿಂದ ತಾಯಿಗೂ ಸಮಾನ ಸ್ಥಾನ ದೊರೆಯಿತು. 2004ರ ಡಿಸೆಂಬರ್ 3ರಿಂದ ಈಚೆಗೆ ಹುಟ್ಟಿದ ಮಗುವಿನ ಜನನವನ್ನು ಒಂದು ವರ್ಷದೊಳಗೆ ಭಾರತೀಯ ದೂತ ಕಚೇರಿಯಲ್ಲಿ ನೋಂದಾಯಿಸಬೇಕು. ತಡವಾದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದೂ ಪೋಷಕರು ಘೋಷಿಸಬೇಕು.

ಇನ್ನು ಪುರಾವೆಗಳು. ಇವು ಸರಪಣಿಯ ಕೊಂಡಿಗಳಿದ್ದಂತೆ. ಮೊದಲನೆಯದು ಜನನ ಪ್ರಮಾಣಪತ್ರ. ಅದು ಮಗುವನ್ನು ತಾಯಿಯೊಡನೆ ಜೋಡಿಸುತ್ತದೆ. ಎರಡನೆಯದು ತಾಯಿಯ ಪೌರತ್ವ ತೋರಿಸುವ ದಾಖಲೆಗಳು. ಮೂರನೆಯದು ವಿಚ್ಛೇದನದ ಡಿಕ್ರಿಯ ದೃಢೀಕೃತ ನಕಲು. ವಿಚ್ಛೇದನದ ನಂತರ ತಾಯಿ ತವರಿನ ಹೆಸರಿಗೆ ಮರಳಿದ್ದರೆ, ಎರಡೂ ಹೆಸರು ಒಬ್ಬರದೇ ಎಂದು ತೋರಿಸುವ ದಾಖಲೆಯೂ ಇರಲಿ. ಆಧಾರ್ ಸಂಖ್ಯೆ ಪೌರತ್ವದ ಪುರಾವೆಯಲ್ಲ. ಅದರ ಕಾಯಿದೆಯೇ ಹಾಗೆ ಹೇಳುತ್ತದೆ.

ಪಾಸ್‌ಪೋರ್ಟ್ ಅರ್ಜಿಯಲ್ಲಿ ತಂದೆ ಅಥವಾ ತಾಯಿ, ಒಬ್ಬರ ಹೆಸರು ಸಾಕೆಂಬ ನಿಯಮ 2016ರ ಡಿಸೆಂಬರ್‌ನಲ್ಲಿ ಬಂದಿತು. ಒಂಟಿ ತಾಯಂದಿರಿಗೆ ಇದು ದೊಡ್ಡ ನೆಮ್ಮದಿ. ಆದರೆ ಅರ್ಜಿಯಲ್ಲಿ ಹೆಸರು ಬಿಡುವುದು ಬೇರೆ, ಪೌರತ್ವದ ಷರತ್ತು ಪೂರೈಸುವುದು ಬೇರೆ. ಹಾಗೆಯೇ ಮಗು ಯಾರ ಬಳಿ ಇರಬೇಕೆಂಬ ಆದೇಶ ಪಾಲನೆಯ ಹಕ್ಕನ್ನು ಹೇಳುತ್ತದೆ, ಪೌರತ್ವವನ್ನಲ್ಲ.

ಮಿತ್ರರೇ, ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಜನನ ಪ್ರಮಾಣಪತ್ರವನ್ನು ತೆರೆದು, ಅದರಲ್ಲಿರುವ ತಂದೆ ತಾಯಿಯ ಹೆಸರುಗಳು ಅವರ ದಾಖಲೆಗಳೊಡನೆ ಅಕ್ಷರಕ್ಕೆ ಅಕ್ಷರ ಹೊಂದುತ್ತವೆಯೇ ನೋಡಿ. ತಪ್ಪಿದ್ದರೆ ಈಗಲೇ ತಿದ್ದಿಸಿ. ನಿಮ್ಮ ತರಗತಿಯಲ್ಲಿ ಅಂಥ ಗೆಳತಿಯೊಬ್ಬಳಿದ್ದರೆ, ‘ನಿಮ್ಮ ತಂದೆ ಎಲ್ಲಿ?’ ಎಂದು ಕೇಳುವ ಮೊದಲು ಈ ಮಾತನ್ನು ಅವಳಿಗೆ ತಿಳಿಸಿ: ಮನೆ ಎರಡಾಗಿರಬಹುದು, ಆದರೆ ಅವಳ ದೇಶ ಅವಳದೇ.